ಮರಳಿಸಲಾಗದ ಜೀವ

ನೀರನ್ನು ಸೋಸಿ ಬಳಸುವುದು ಶ್ರಾವಕನ ನಿತ್ಯಾಚಾರ. ಸೋಸಿದ ಬಟ್ಟೆಯಲ್ಲುಳಿದ ಸೂಕ್ಷ್ಮಜೀವಗಳನ್ನು ನೀರು ತಂದ ನೆಲೆಗೇ ಮರಳಿಸುವುದು ಅದರ ಉತ್ತರಾರ್ಧ. ಕೊಲ್ಲದಿದ್ದರೆ ಸಾಲದು, ಜೀವವನ್ನು ಅದರ ಸ್ಥಾನದಿಂದ ಅಗಲಿಸಲೂ ಬಾರದೆಂಬುದು ಈ ವಿಧಿಯ ಮರ್ಮ.

ಅನುಕೂಲಸ್ಥರ ಪಡಸಾಲೆಗಳಲ್ಲಿರುವ ಉಪ್ಪುನೀರಿನ ಅಕ್ವೇರಿಯಂಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ಮೀನುಗಳ ಸೆರೆಯು ಬಂಧವೆಂಬ ಅತಿಚಾರವೆಂದು ಎಲ್ಲರೂ ಬಲ್ಲರು. ಅಲ್ಲಿರಿಸುವ ‘ಲೈವ್ ರಾಕ್’ ಎಂಬ ಶಿಲೆಯತ್ತ ಮಾತ್ರ ಗಮನ ಹರಿಯುವುದಿಲ್ಲ. ಅದು ಬಹುಮಟ್ಟಿಗೆ ಸತ್ತ ಹವಳಗಳ ಸುಣ್ಣದ ಪಂಜರ. ಅದರ ರಂಧ್ರಗಳಲ್ಲಿ ಬಿರುಗೂದಲಿನ ಹುಳುಗಳು, ಸೀಗಡಿಯನ್ನು ಹೋಲುವ ಪುಟ್ಟ ಆಂಫಿಪಾಡ್‌ಗಳು, ನಕ್ಷತ್ರಮೀನಿನ ಬಳಗದ ಬ್ರಿಟಲ್ ಸ್ಟಾರ್‌ಗಳು, ಸ್ಪಂಜುಗಳು ವಾಸಿಸುತ್ತವೆ. ಮೀನುಗಳಿಂದ ಉಂಟಾಗುವ ಅಮೋನಿಯಾ ವಿಷವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ; ಶಿಲೆಗೆ ಬೇಡಿಕೆ ಬಂದದ್ದು ಇದರಿಂದಲೇ.

ಕಡಲಿನಿಂದ ತೆಗೆದ ಶಿಲೆಯನ್ನು ತೇವದ ಕಾಗದದಲ್ಲಿ ಸುತ್ತಿ ದೂರದೇಶಗಳಿಗೆ ಸಾಗಿಸುವಾಗ ಅನೇಕ ಜೀವಿಗಳು ಸಾಯುತ್ತವೆ. ಬದುಕುಳಿದ ಹುಳುಗಳನ್ನು ಪೀಡೆಯೆಂದೆಣಿಸಿ ಸಿಹಿನೀರಿನಲ್ಲದ್ದಿ ಕೊಲ್ಲುವವರೂ ಉಂಟು. ಅವುಗಳಲ್ಲಿ ಹೆಚ್ಚಿನವು ಮಿಕ್ಕ ಆಹಾರವನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಡುವಂಥವು. ಅವು ತಾವಾಗಿ ಬಂದವಲ್ಲ, ನಾವು ತಂದವು.

ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಅನಿವಾರ್ಯವಲ್ಲವೇ ಎಂದು ಕೇಳಬಹುದು. ಅಡುಗೆ, ಕೃಷಿ, ವ್ಯಾಪಾರಗಳಿಗೆ ಆ ಮಾತು ಸಲ್ಲುತ್ತದೆ. ಕೇವಲ ನೋಟದ ಸೊಗಸಿಗಾಗಿ ಆಗುವ ಹಿಂಸೆ ಅನರ್ಥದಂಡವೇ ಸರಿ. ‘ನಾನು ಕಿತ್ತವನಲ್ಲ, ಕೊಂಡವನು’ ಎಂಬ ಸಮಾಧಾನವೂ ನಿಲ್ಲದು. ಕೃತದಂತೆಯೇ ಕಾರಿತ, ಅನುಮೋದಿತಗಳೂ ದೋಷಗಳೇ. ಕೊಳ್ಳುವವರಿಲ್ಲದ ಸರಕನ್ನು ಯಾವ ವರ್ತಕನೂ ತರಿಸುವುದಿಲ್ಲ. ಈ ಶಿಲೆ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ತಕ್ಕಡಿಗೆ ಭಾರ ತಿಳಿಯುತ್ತದೆ, ಜೀವ ತಿಳಿಯದು.

ಅಮೆರಿಕದ ಫ್ಲಾರಿಡಾ ರಾಜ್ಯವು 1989ರಲ್ಲಿ ತನ್ನ ಕಡಲಸೀಮೆಯಲ್ಲಿ ಇಂತಹ ಶಿಲೆಯ ಸಂಗ್ರಹವನ್ನು ನಿಷೇಧಿಸಿತು. ಗಣಿಯಿಂದ ತಂದ ಕಲ್ಲುಗಳನ್ನು ಕಡಲತಳದಲ್ಲಿರಿಸಿ, ಜೀವಿಗಳು ನೆಲೆಸಿದ ಮೇಲೆ ಎತ್ತಿ ಮಾರುವ ಪದ್ಧತಿ ಅಲ್ಲಿ ಬೆಳೆಯಿತು. ಇದರಿಂದ ಕಡಲ ಬಂಡೆ ಉಳಿಯಿತು, ಹುಳುವಿನ ಪಾಡು ಬದಲಾಗಲಿಲ್ಲ. ಒಣಶಿಲೆಗೆ ಬ್ಯಾಕ್ಟೀರಿಯಾಗಳನ್ನಷ್ಟೇ ಸೇರಿಸಿದರೂ ನೀರು ಶುದ್ಧವಾಗುತ್ತದೆ. ಆಗ ದ್ವೀಂದ್ರಿಯಾದಿ ತ್ರಸಜೀವಗಳನ್ನು ಕಡಲಿನಿಂದ ಕೀಳಬೇಕಾಗಿಲ್ಲ.

ಈಗಾಗಲೇ ತಂದವರು ಅದನ್ನು ಕುದಿಸುವುದಾಗಲಿ, ಒಣಗಿಸುವುದಾಗಲಿ ಸಲ್ಲದು. ಹತ್ತಿರದ ಕಡಲಿಗೆ ಬಿಟ್ಟರೆ ಪರದೇಶದ ಜೀವಿಗಳು ಅಲ್ಲಿಯವಕ್ಕೆ ಕಂಟಕವಾಗಬಹುದು. ಅವು ಬದುಕಿರುವವರೆಗೆ ಪೋಷಿಸುವುದೇ ಉಳಿದ ಕರ್ತವ್ಯ. ಬಾವಿಯ ಜೀವವನ್ನು ಬಾವಿಗೆ ಮರಳಿಸಬಹುದು; ದೂರದ ಕಡಲಿನ ಜೀವವನ್ನು ಹಾಗೆ ಮರಳಿಸಲಾಗದು. ಮರಳಿಸಲಾಗದ್ದನ್ನು ತರದಿರುವುದೇ ವಿವೇಕ.