ಉಪ್ಪಿಗೆ ಸಾಕ್ಷಿ ಯಾರು?

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿನ ಕೈಯಿಂದ ನೀರಿಗೆ ಉಪ್ಪು ಹಾಕಿಸುತ್ತಾನೆ. ಬೆಳಗಾದ ಮೇಲೆ ಆ ಉಪ್ಪನ್ನು ತೆಗೆದು ತಾ ಎನ್ನುತ್ತಾನೆ. ಶ್ವೇತಕೇತು ನೀರಿನಲ್ಲಿ ತಡಕುತ್ತಾನೆ, ಸಿಗುವುದಿಲ್ಲ. ಹಾಗಾದರೆ ಮೇಲಿನಿಂದ ಕುಡಿ, ನಡುವಿನಿಂದ ಕುಡಿ, ತಳದಿಂದ ಕುಡಿ ಎಂದರೆ ಮೂರು ಕಡೆಯೂ ಉಪ್ಪೇ. ಈ ಪ್ರಸಂಗದಿಂದ ಶಂಕರರು ಹೊರಟ ದಾರಿ ಒಂದು, ಮಧ್ವರು ಹೊರಟ ದಾರಿ ಅದಕ್ಕೆ ಪೂರಾ ವಿರುದ್ಧ. ಆದರೆ ನೀರಿನಲ್ಲಿ ಉಪ್ಪಿದೆ ಎಂಬ ಬಗ್ಗೆ ಇಬ್ಬರಿಗೂ ತಕರಾರಿಲ್ಲ; ನಾಲಿಗೆ ಹೇಳಿದ ಮೇಲೆ ಮುಗಿಯಿತು. ಎಷ್ಟು ಉಪ್ಪಿದೆ ಎಂದು ಉದ್ದಾಲಕ ಕೇಳಲಿಲ್ಲ. ಕೇಳಿದ್ದರೆ ಆ ಅಧ್ಯಾಯ ಬೇಗ ಮುಗಿಯುತ್ತಿರಲಿಲ್ಲ.

ಆ ಪ್ರಶ್ನೆ ನನ್ನ ಮುಂದೆ ಬಂದದ್ದು ತಂಗಿಯ ಮಗನಿಂದ. ನಾನು ಕುಮಟಾದಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಅವನು ಅಘನಾಶಿನಿ ನದಿಯ ಹಿನ್ನೀರಿನ ಗಜನಿ ಗದ್ದೆಯಲ್ಲಿ ಸಿಗಡಿ ಬೆಳೆಸುತ್ತಾನೆ. ಮಳೆಗಾಲದಲ್ಲಿ ಆ ನೀರು ಹೆಚ್ಚುಕಮ್ಮಿ ಸಿಹಿ. ಏಪ್ರಿಲ್ ಮೇ ಹೊತ್ತಿಗೆ ಸಮುದ್ರದ ಹತ್ತಿರಕ್ಕೆ ಬರುತ್ತದೆ. ಸಿಗಡಿ ಎರಡನ್ನೂ ತಾಳಿಕೊಳ್ಳುತ್ತದೆ, ಒಂದರಿಂದ ಇನ್ನೊಂದಕ್ಕೆ ತಟ್ಟನೆ ಹಾರುವುದನ್ನು ಮಾತ್ರ ತಾಳುವುದಿಲ್ಲ. ಅವನ ಹೆಂಡತಿಯ ಅಣ್ಣ ಗೋಕರ್ಣದ ಕಡೆ ಉಪ್ಪಿನ ಆಗರದಲ್ಲಿ ಕೆಲಸ ಮಾಡುವವನು. ನೀರಿನ ಉಪ್ಪು ಅಳೆಯುವ ಕೊಳವೆ, ರಿಫ್ರಾಕ್ಟೋಮೀಟರ್, ಇಬ್ಬರೂ ಸೇರಿ ಒಂದೇ ಕೊಂಡರೆ ಖರ್ಚು ಅರ್ಧವಾಗುತ್ತದೆ ಎಂಬುದು ಅವರ ಲೆಕ್ಕ. ಅಂಗಡಿಯವನು ಎರಡು ತೋರಿಸಿದ್ದ: ಒಂದು ಸಾವಿರಕ್ಕೆ ಸೊನ್ನೆಯಿಂದ ನೂರರವರೆಗೆ ಗೆರೆ ಎಳೆದದ್ದು, ಇನ್ನೊಂದು ನೂರಕ್ಕೆ ಸೊನ್ನೆಯಿಂದ ಇಪ್ಪತ್ತೆಂಟರವರೆಗೆ.

“ಮಾವಾ, ಉಪ್ಪು ಒಂದೇ ಅಲ್ವಾ, ಎರಡು ಯಾಕೆ ಬೇಕು?”

ಮೊದಲ ಉತ್ತರ ಸುಲಭ. ಸಮುದ್ರದ ನೀರು ಸಾವಿರಕ್ಕೆ ಸುಮಾರು ಮೂವತ್ತೈದು. ಆಗರದಲ್ಲಿ ಹರಳು ಕಟ್ಟುವ ನೀರು ನೂರಕ್ಕೆ ಇಪ್ಪತ್ತಾರರ ಹತ್ತಿರ, ಅಂದರೆ ಅದರ ಏಳು ಪಟ್ಟಿಗೂ ಮಿಗಿಲು. ಚಿಕ್ಕ ಅಳತೆಯದ್ದರಲ್ಲಿ ಆ ನೀರು ಗೆರೆ ದಾಟಿಹೋಗುತ್ತದೆ; ದೊಡ್ಡದರಲ್ಲಿ ಸಿಗಡಿ ಕೆರೆಯ ನೀರು ಕೆಳಗಿನ ತುದಿಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಅವನ ಪ್ರಶ್ನೆಯಲ್ಲಿ ಅವನಿಗೇ ಗೊತ್ತಿಲ್ಲದ ಇನ್ನೊಂದು ಪ್ರಶ್ನೆ ಇತ್ತು: ಉಪ್ಪು ನಿಜಕ್ಕೂ ಒಂದೇ ಹೌದೇ? ಮತ್ತು ಈ ಕೊಳವೆ ನೋಡುವುದು ಉಪ್ಪನ್ನೇ ಹೌದೇ?

ಅಲ್ಲ. ಅದು ಉಪ್ಪನ್ನು ನೋಡುವುದೇ ಇಲ್ಲ. ಪ್ರಿಸಮ್ಮಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದರೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡರ ನಡುವಿನ ಗಡಿ, ಬೆಳಕು ಇನ್ನು ಮುಂದೆ ಹನಿಯೊಳಗೆ ದಾಟಲಾರದ ಕೋನದ ಗುರುತು. ಶುದ್ಧ ನೀರಿನ ವಕ್ರೀಭವನ ಸೂಚ್ಯಂಕ 20 ಡಿಗ್ರಿಯಲ್ಲಿ 1.3330, ಸಾವಿರಕ್ಕೆ 35ರ ಸಮುದ್ರದ ನೀರಿನದು 1.3394. ಇಡೀ ಅರಬ್ಬೀ ಸಮುದ್ರದ ಉಪ್ಪುತನ ಆ ಯಂತ್ರಕ್ಕೆ ತಿಳಿಯುವುದು ದಶಮಾಂಶದ ಮೂರನೆಯ ಸ್ಥಾನದಲ್ಲಿ. ಸಕ್ಕರೆ ಕರಗಿಸಿದರೂ ಬೆಳಕು ಬಾಗುತ್ತದೆ, ಆ ಗಡಿ ಮೇಲೇರುತ್ತದೆ. ಯಂತ್ರ ಅಷ್ಟೇ ಗಂಭೀರವಾಗಿ ‘ಉಪ್ಪು’ ಎಂದು ಓದಿಸುತ್ತದೆ.

ನ್ಯಾಯಶಾಸ್ತ್ರ ಓದಿದವರಿಗೆ ಇದು ಹಳೆಯ ಪರಿಚಯ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನುವುದು ಅನುಮಾನ. ಕಂಡದ್ದು ಹೊಗೆ, ತಿಳಿದದ್ದು ಬೆಂಕಿ. ನಡುವೆ ಇರುವುದು ವ್ಯಾಪ್ತಿ, ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬ ನಿಯಮ. ಅದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದರೆ ಕೆಡುತ್ತದೆ, ಏಕೆಂದರೆ ಹಸಿ ಸೌದೆ ಎಂಬ ಷರತ್ತು ಒಳಗೆ ಅಡಗಿ ಕೂತಿದೆ. ಆ ಅಡಗಿದ ಷರತ್ತಿಗೆ ನೈಯಾಯಿಕರು ಉಪಾಧಿ ಎಂದು ಹೆಸರಿಟ್ಟು, ಅದನ್ನು ಹುಡುಕಿ ಹೊರಗೆಳೆಯುವುದರಲ್ಲೇ ಆಯುಷ್ಯ ಕಳೆದರು. ರಿಫ್ರಾಕ್ಟೋಮೀಟರ್ ಆರಿಸುವವನ ಕೆಲಸವೂ ಅದೇ ಎಂದು ನನಗನಿಸುತ್ತದೆ. ಬೆಳಕು ಹೆಚ್ಚು ಬಾಗಿದರೆ ಉಪ್ಪು ಹೆಚ್ಚು ಎಂಬ ನಿಯಮದ ಹೊಟ್ಟೆಯಲ್ಲಿ ಎಷ್ಟು ಉಪಾಧಿಗಳಿವೆ?

ಒಂದು, ಬಿಸಿ. ನೀರು ಹತ್ತು ಡಿಗ್ರಿ ಕಾದರೆ ಸೂಚ್ಯಂಕ 0.001ರಷ್ಟು ಇಳಿಯುತ್ತದೆ. ಚಿಕ್ಕದಾಗಿ ಕಾಣುತ್ತದೆ, ಆದರೆ ಕೆರೆಯ ಲೆಕ್ಕದಲ್ಲಿ ಅದು ಸಾವಿರಕ್ಕೆ ಐದಾರು. ಇದನ್ನು ಸರಿದೂಗಿಸುವ ಲೋಹದ ಪಟ್ಟಿಯೊಂದು ಒಳಗಿರುತ್ತದೆ. ಸಾಮಾನ್ಯವಾಗಿ ಹತ್ತರಿಂದ ಮೂವತ್ತು ಡಿಗ್ರಿಯವರೆಗೆ ಅದು ಹೊಣೆ ಹೊರುತ್ತದೆ. ನಮ್ಮ ಕರಾವಳಿಯ ಏಪ್ರಿಲ್ ಮಧ್ಯಾಹ್ನಕ್ಕೆ ಆ ಒಪ್ಪಂದ ಗೊತ್ತಿಲ್ಲ. ಹಾಗಾಗಿ ನೆರಳಿಗೆ ತಂದು, ಹನಿ ಬಿಟ್ಟು ಅರ್ಧ ನಿಮಿಷ ಕಾದು ಓದಬೇಕು. ಬೆಳಗಿನ ಹೊತ್ತೇ ವಾಸಿ.

ಎರಡನೆಯದು ಹೆಚ್ಚು ಕುತೂಹಲದ್ದು. ಸಮುದ್ರದ ಉಪ್ಪು ಅಡುಗೆಯ ಉಪ್ಪಲ್ಲ. ತೂಕದಲ್ಲಿ ಕ್ಲೋರೈಡ್ ನೂರಕ್ಕೆ ಐವತ್ತೈದು, ಸೋಡಿಯಂ ಮೂವತ್ತು ಚಿಲ್ಲರೆ, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಇವೆಲ್ಲ ಬೆಳಕನ್ನು ಒಂದೇ ಹದದಲ್ಲಿ ಬಾಗಿಸುವುದಿಲ್ಲ. ಸಾವಿರಕ್ಕೆ 35ರ ಸಮುದ್ರದ ನೀರು ಬಾಗಿಸುವಷ್ಟು ಬೆಳಕನ್ನು ಬಾಗಿಸಲು ಬರೀ ಅಡುಗೆಯ ಉಪ್ಪಾದರೆ 36.5 ಬೇಕು. ಮಾರುಕಟ್ಟೆಯಲ್ಲಿ ‘ಸಮುದ್ರದ ನೀರಿಗೆ’ ಎಂದು ಮಾರುವ ಎಷ್ಟೋ ಕೊಳವೆಗಳ ಗೆರೆಗಳನ್ನು ಎಳೆದಿರುವುದು ಬರೀ ಸೋಡಿಯಂ ಕ್ಲೋರೈಡಿನ ಲೆಕ್ಕದಲ್ಲಿ. ಅವು ಸುಳ್ಳು ಹೇಳುವುದಿಲ್ಲ. ಬೇರೆ ಪ್ರಶ್ನೆಗೆ ಸರಿಯುತ್ತರ ಕೊಡುತ್ತವೆ.

ಅಂಗಡಿಯವನು ಒಂದು ಹನಿ ಶುದ್ಧ ನೀರು ಬಿಟ್ಟು, ತಿರುಪು ತಿರುಗಿಸಿ, ಗೆರೆ ಸೊನ್ನೆಗೆ ಕೂರಿಸಿ “ನೋಡಿ, ಪಕ್ಕಾ” ಅಂದನಂತೆ. ಇದು ವ್ಯತಿರೇಕ: ಉಪ್ಪಿಲ್ಲದಲ್ಲಿ ಗುರುತೂ ಇಲ್ಲ. ಸರಿ. ಉಪ್ಪಿದ್ದಲ್ಲಿ ಗುರುತು ಅಷ್ಟೇ ಇದೆಯೇ ಎಂಬ ಅನ್ವಯ ಎಲ್ಲಿ? ಇಲ್ಲದ್ದನ್ನು ಇಲ್ಲ ಎಂದವನು ಇರುವುದನ್ನೂ ಸರಿಯಾಗಿ ಎಣಿಸುತ್ತಾನೆ ಎಂದೇನಿಲ್ಲ. ಅನ್ವಯ, ವ್ಯತಿರೇಕ ಎರಡೂ ಬೇಕೆಂದು ನಮ್ಮವರು ಹಟ ಹಿಡಿದದ್ದು ಬರೀ ಕೂದಲು ಸೀಳುವ ಚಪಲದಿಂದಲ್ಲ. ಹುಡುಗನಿಗೆ ಹೇಳಿದೆ: ಒಳ್ಳೆಯ ತಕ್ಕಡಿಯಲ್ಲಿ 36.5 ಗ್ರಾಂ ಶುದ್ಧ ಉಪ್ಪು, 963.5 ಗ್ರಾಂ ಬಟ್ಟಿ ಇಳಿಸಿದ ನೀರು. ಅದು ಬೆಳಕಿನ ಮಟ್ಟಿಗೆ 35ರ ಸಮುದ್ರ. ಅದರ ಹನಿಗೆ 35 ಓದಿದ ಯಂತ್ರ ನಿನ್ನದು. 36.5 ಓದಿದರೆ ನಿನ್ನ ಭಾವನಿಗೆ ಕೊಡು.

ಅವನು ನಕ್ಕು ಕೇಳಿದ, “ತಕ್ಕಡಿ ಸರಿ ಇದೆ ಅಂತ ಹೇಗೆ ಗೊತ್ತು?”

ನನ್ನ ತಂದೆ ಉಡುಪಿಯಲ್ಲಿ ಓದಿದವರು. ಮಧ್ವ ಪರಂಪರೆಯ ಜಯತೀರ್ಥರ ಪ್ರಮಾಣಪದ್ಧತಿ ಅವರಿಗೆ ಬಾಯಿಪಾಠ. ಈ ಪ್ರಶ್ನೆ ಕಿವಿಗೆ ಬಿದ್ದಿದ್ದರೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಒಂದು ಜ್ಞಾನ ಸರಿ ಎಂಬುದು ಎಲ್ಲಿಂದ ತಿಳಿಯುತ್ತದೆ? ನೈಯಾಯಿಕರು ಹೇಳುವುದು, ಹೊರಗಿನಿಂದ. ನೀರು ಕಂಡಿತು, ಹೋಗಿ ಕುಡಿದೆ, ಬಾಯಾರಿಕೆ ತೀರಿತು. ಆದ್ದರಿಂದ ಕಂಡದ್ದು ನೀರೇ. ಕೇಳುವವನು ಬಿಡುತ್ತಾನೆಯೇ: ಬಾಯಾರಿಕೆ ತೀರಿತು ಎಂಬ ಜ್ಞಾನ ಸರಿ ಎಂಬುದು ಎಲ್ಲಿಂದ? ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಇದೇ ಅನವಸ್ಥೆ.

ಅಳತೆಯ ಲೋಕ ಈ ಅನವಸ್ಥೆಯಲ್ಲೇ ಸಂಸಾರ ಮಾಡಿಕೊಂಡಿದೆ. ತಕ್ಕಡಿಗೆ ತೂಕದ ಕಲ್ಲು ಸಾಕ್ಷಿ, ಅದಕ್ಕೆ ಮೇಲಿನ ಕಲ್ಲು, ಹೀಗೆ ಹೋಗಿ ಪ್ಯಾರಿಸ್ ಹತ್ತಿರದ ಪ್ಲಾಟಿನಂ-ಇರಿಡಿಯಂ ಸಿಲಿಂಡರಿನ ಎದುರು ನಿಲ್ಲುತ್ತಿತ್ತು. ಅದು ಒಂದು ಕಿಲೋ ಎನ್ನುವುದಕ್ಕೆ ಸಾಕ್ಷಿ ಅದೇ. 2019ರ ಮೇ 20ರಿಂದ ಆ ಸಿಲಿಂಡರಿಗೆ ನಿವೃತ್ತಿ; ಪ್ಲಾಂಕ್ ಸ್ಥಿರಾಂಕಕ್ಕೆ ಒಂದು ಬೆಲೆ ಗೊತ್ತುಮಾಡಿ ಅಲ್ಲಿಗೆ ನಿಲ್ಲಿಸಿದ್ದಾರೆ. ಸಮುದ್ರದ ಕಥೆ ಇನ್ನೂ ಸೊಗಸು. ಚಾಲೆಂಜರ್ ಹಡಗು ತಂದ 77 ಮಾದರಿಗಳನ್ನು ವಿಶ್ಲೇಷಿಸಿ ಡಿಟ್ಮಾರ್ 1884ರಲ್ಲಿ ತೋರಿಸಿದ್ದು: ಒಟ್ಟು ಉಪ್ಪು ಹೆಚ್ಚುಕಮ್ಮಿಯಾದರೂ ಸಮುದ್ರದ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲೆಡೆ ಬಹುತೇಕ ಒಂದೇ. ಆಮೇಲೆ ಕ್ಲೋರೈಡ್ ಒಂದನ್ನೇ ಅಳೆದು ಮಿಕ್ಕದ್ದನ್ನು ಊಹಿಸಿದರು. ಸರಿನೋಡಲು ಕೋಪನ್‌ಹೇಗನ್ನಿನಿಂದ ಗಾಜಿನಲ್ಲಿ ಮೊಹರು ಮಾಡಿದ ಮಾದರಿ ನೀರು ಜಗತ್ತಿಗೆಲ್ಲ ಹೋಗುತ್ತಿತ್ತು. ನಮ್ಮಲ್ಲಿ ಗಂಗೆಯ ಗಿಂಡಿ ಹೋದ ಹಾಗೆ. 1978ರ ಪ್ರಾಯೋಗಿಕ ಮಾನದಲ್ಲಿ ಕ್ಲೋರೈಡನ್ನೂ ಬಿಟ್ಟು ವಿದ್ಯುದ್ವಾಹಕತೆ ಹಿಡಿದರು. 15 ಡಿಗ್ರಿಯಲ್ಲಿ, ಒಂದು ಕಿಲೋ ದ್ರಾವಣದಲ್ಲಿ 32.4356 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ ಎಷ್ಟು ವಿದ್ಯುತ್ ಹರಿಯುತ್ತದೋ ಅಷ್ಟೇ ಹರಿಸುವ ಸಮುದ್ರದ ನೀರಿನ ಲವಣತೆ 35. ಗ್ರಾಂ ಅಲ್ಲ, ಶೇಕಡ ಅಲ್ಲ, ಬರೀ 35. ಸಮುದ್ರದಲ್ಲಿ ತೀರ ಕಡಿಮೆ ಇರುವ ಪೊಟ್ಯಾಸಿಯಂ ಉಪ್ಪು ಸಮುದ್ರದ ಉಪ್ಪಿಗೆ ಸಾಕ್ಷಿಯಾಗಿ ಕೂತಿದೆ!

ಮಧ್ವರ ಮತ ಬೇರೆ. ಜ್ಞಾನದ ಸರಿತನ ಅದಕ್ಕೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಗ್ರಹಿಸುವುದು ಸಾಕ್ಷಿ. ಅದು ಕಣ್ಣು ಕಿವಿಗಳ ಸಾಲಿಗೆ ಸೇರದ, ಆತ್ಮದ್ದೇ ಆದ ಇಂದ್ರಿಯ. ಸಂಶಯ ಬಂದಾಗ ಪರೀಕ್ಷೆ ಮಾಡು, ಬೇಡವೆನ್ನುವುದಿಲ್ಲ. ಆದರೆ ಪರೀಕ್ಷೆ ಸಾಕ್ಷಿಯಲ್ಲಿ ನಿಲ್ಲದಿದ್ದರೆ ಎಲ್ಲಿಯೂ ನಿಲ್ಲುವುದಿಲ್ಲ. ನನಗೆ ನೋವಾಗುತ್ತಿದೆ ಎಂಬುದಕ್ಕೆ ನಾನು ಇನ್ನೊಬ್ಬರನ್ನು ಕೇಳಿ ಬರುವುದಿಲ್ಲವಲ್ಲ.

ಯೌವನದಲ್ಲಿ ನನಗೆ ಇದು ತಪ್ಪಿಸಿಕೊಳ್ಳುವ ದಾರಿಯಾಗಿ ಕಂಡಿತ್ತು; ಭೌತವಿಜ್ಞಾನಿಗೆ ನೈಯಾಯಿಕರೇ ಹತ್ತಿರ. ಈಗ ಹಾಗೆ ಅನಿಸುವುದಿಲ್ಲ. ಯಂತ್ರದ ವಿಷಯದಲ್ಲಿ ನೈಯಾಯಿಕರು ಸರಿ: ಯಾವ ಯಂತ್ರವೂ ತನಗೆ ತಾನೇ ಸಾಕ್ಷಿಯಲ್ಲ, ಹೊರಗಿನ ಹನಿ ಬೇಕೇ ಬೇಕು. ಆದರೆ ಪ್ಲಾಂಕ್ ಸ್ಥಿರಾಂಕದವರೆಗೂ ಹೋಗಿ ಬಂದ ಮೇಲೂ ಕೊನೆಗೆ ಒಬ್ಬ ಹುಡುಗ ಒಂದು ಕಣ್ಣು ಮುಚ್ಚಿ, ನೀಲಿ ಬಿಳಿಯ ನಡುವೆ ಗಡಿ ಇಲ್ಲಿದೆ ಎನ್ನಬೇಕು. ಹಾಗೆ ಕಾಣುತ್ತಿದೆ ಎಂಬುದನ್ನು ಅವನಿಗೆ ಬೇರೆ ಯಾರೂ ದೃಢಪಡಿಸಲಾರರು. ಅಂಕಿ ತೋರಿಸುವ ಡಿಜಿಟಲ್ ಯಂತ್ರ ಕೊಂಡರೂ ಅಂಕಿಯನ್ನು ಓದುವವನು ಅವನೇ. ಪ್ರಮಾಣಪದ್ಧತಿ ಪ್ರತ್ಯಕ್ಷಕ್ಕೆ ವಸ್ತುವೂ ನಿರ್ದೋಷವಾಗಿರಬೇಕು, ಇಂದ್ರಿಯವೂ ನಿರ್ದೋಷವಾಗಿರಬೇಕು ಎನ್ನುತ್ತದೆ. ಮುಚ್ಚಳದ ಕೆಳಗೆ ಗುಳ್ಳೆ, ಒರೆಸದೆ ಬಿಟ್ಟ ನಿನ್ನೆಯ ಉಪ್ಪು, ಪೊರೆ ಬಂದ ನನ್ನ ಬಲಗಣ್ಣು: ದೋಷಗಳ ಪಟ್ಟಿ ಮಾಡಲು ಜಯತೀರ್ಥರು ಅವಕಾಶ ಬಿಟ್ಟಿದ್ದಾರೆ.

ಆಗರದವನ ಸಮಸ್ಯೆ ಇನ್ನೂ ಉಳಿಯಿತು. ಡಿಟ್ಮಾರರ ನಿಯಮ ಸಮುದ್ರಕ್ಕೆ. ಆಗರದಲ್ಲಿ ಅದು ಮುರಿಯುತ್ತದೆ. ನೀರು ಆರುತ್ತ ಹೋದಂತೆ ಮೊದಲು ಸುಣ್ಣ ಇಳಿಯುತ್ತದೆ, ಆಮೇಲೆ ಜಿಪ್ಸಂ, ಸಾಂದ್ರತೆ ತೋರಿಸುವ ಬೋಮೆ ಮಾಪಕದಲ್ಲಿ 25ರ ಸುಮಾರಿಗೆ ಉಪ್ಪು. 29ರ ಹೊತ್ತಿಗೆ ಉಳಿದ ನೀರನ್ನು ಹೊರಗೆ ಬಿಟ್ಟುಬಿಡಬೇಕು, ಇಲ್ಲವಾದರೆ ಮೆಗ್ನೀಸಿಯಂ ಉಪ್ಪಿಗೆ ಅಂಟಿಕೊಳ್ಳುತ್ತದೆ. ಹೆಜ್ಜೆಹೆಜ್ಜೆಗೂ ಕರಗಿದ್ದರ ಸ್ವಭಾವವೇ ಬದಲಾಗುವಾಗ ಬೆಳಕಿನ ಒಂದು ಗಡಿಗೆರೆ ಏನೆಂದು ಹೇಳೀತು? ಒಟ್ಟು ದಪ್ಪವಾಗಿದೆ ಎಂದಷ್ಟೇ. ಅದನ್ನು ತೇಲುವ ಗಾಜಿನ ಬೋಮೆ ಕಡ್ಡಿಯೂ ಹೇಳುತ್ತದೆ, ಅಗ್ಗದಲ್ಲಿ. ಅವನು ಆ ಇಪ್ಪತ್ತೆಂಟರ ಕೊಳವೆ ಕೊಳ್ಳುವುದು ಬೇಡ ಎಂದೇ ನಾನು ಹೇಳಿದ್ದು. ಇಲ್ಲಿ ಯಂತ್ರಕ್ಕಿಂತ ಶ್ವೇತಕೇತುವಿನ ನಾಲಿಗೆ ಮೇಲು. ಎಷ್ಟು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ಆದರೆ ಕೊನೆಯ ನೀರು ಕಹಿಯಾಗಿದೆ ಎಂಬುದು ತುದಿ ತಗುಲಿದ ಕೂಡಲೇ ಗೊತ್ತಾಗುತ್ತದೆ.

“ನಾಲಿಗೆ ನಂಗೂ ಉಂಟು ಮಾಸ್ತರ್ರೇ, ಕೊಳ್ಳುವವ ನಂಬಬೇಕಲ್ಲ” ಎಂದ ಅವನು. ದೊಡ್ಡ ಖರೀದಿದಾರರಿಗೆ ಮೆಗ್ನೀಸಿಯಂ ಎಷ್ಟಿದೆ ಎಂಬ ಕಾಗದ ಬೇಕು, ಮೊಹರು ಸಮೇತ. ಅಲ್ಲಿಗೆ ಪ್ರತ್ಯಕ್ಷ, ಅನುಮಾನ ಎರಡೂ ಮುಗಿದು ಮೂರನೆಯ ಪ್ರಮಾಣಕ್ಕೆ, ಆಪ್ತವಾಕ್ಯಕ್ಕೆ ಬಂದೆವು. ಮಾದರಿ ಕಳಿಸಿದ್ದಾನೆ. ವರದಿ ಬಂದ ಮೇಲೆ ನಾವೆಲ್ಲ ಅದನ್ನು ನಂಬುತ್ತೇವೆ, ಕೊಳ್ಳುವವನೂ ನಂಬುತ್ತಾನೆ. ನನ್ನ ಸೋದರಳಿಯ ಮಾತ್ರ, ಆ ಪ್ರಯೋಗಾಲಯದವರು ತಮ್ಮ ಯಂತ್ರವನ್ನು ಯಾವುದಕ್ಕೆ ಹಿಡಿದು ಸರಿನೋಡುತ್ತಾರೆ ಎಂದು ಪತ್ರ ಬರೆದು ಕೇಳಬೇಕೆಂದಿದ್ದಾನೆ.