ದುಡ್ಡು ಬರುವ ದಿನ

ಹಣದಲ್ಲಿ ಸುಖವಿಲ್ಲ ಎಂಬ ಉಪದೇಶವನ್ನು ಬೀದರಿನ ಗಾಂಧಿ ಗಂಜ್‌ನಲ್ಲಿ ತೊಗರಿ ಚೀಲ ಇಳಿಸಿ ಲೆಕ್ಕದ ಪಟ್ಟಿಗಾಗಿ ಕಾದು ಕೂತ ಔರಾದಿನ ರೈತನಿಗೆ ಮಾಡಲಾಗದು. ಬಿತ್ತನೆಗೆಂದು ತಂದ ಮುಂಗಡ ಆ ಪಟ್ಟಿಯಲ್ಲೇ ಕಡಿತವಾಗಿಹೋಗುತ್ತದೆ. ಹೆಸರು, ಉದ್ದು, ಸೋಯಾ, ತೊಗರಿ ಯಾವುದೇ ಇರಲಿ, ಮಳೆ ನಂಬಿದ ಹೊಲದ ಗಳಿಕೆ ಬರುವುದು ರಾಶಿಯ ಕೆಲವೇ ವಾರಗಳಲ್ಲಿ. ಖರ್ಚಿಗೆ ಮಾತ್ರ ಹಂಗಾಮಿಲ್ಲ. ಹಣ ಮತ್ತು ಸುಖದ ಚರ್ಚೆಯಲ್ಲಿ ನಾವು 'ಎಷ್ಟು' ಎಂದು ಕೇಳಿದಷ್ಟು 'ಯಾವಾಗ' ಎಂದು ಕೇಳಿಲ್ಲ. ಬಡವನ ನೆಮ್ಮದಿ ಕೆಡಿಸುವುದು ಕೊರತೆಯೊಂದೇ ಅಲ್ಲ. ದುಡ್ಡು ಯಾವತ್ತು ಬರುತ್ತದೆಂದು ಗೊತ್ತಿಲ್ಲದಿರುವುದೂ ಅಷ್ಟೇ ಕೆಡಿಸುತ್ತದೆ.

ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೈ ಬರಿದಾಗಿದ್ದಾಗ ಒಗಟು, ಗಮನದ ಪರೀಕ್ಷೆಗಳಲ್ಲಿ ಎಡವಿದವನೇ ಹಣ ಸೇರಿದ ಮೇಲೆ ಅವನ್ನು ಹೆಚ್ಚು ಸಲೀಸಾಗಿ ಮುಗಿಸಿದ. ಮನುಷ್ಯ ಅವನೇ, ಬುದ್ಧಿಯೂ ಅದೇ. ಚಿಂತೆ ಅದನ್ನು ತಿಂದಿತ್ತು. ಭಾಲ್ಕಿಯ ಕಬ್ಬಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ಶೇ. 15ರ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಕಾಯುವುದಕ್ಕೂ ಬೆಲೆಯುಂಟೆಂದು ಕಾನೂನೇ ಒಪ್ಪಿದೆ. ಆ ದಿನಗಳಲ್ಲಿ ಕೆಟ್ಟ ನಿದ್ದೆಯ ಲೆಕ್ಕ ಅದರಲ್ಲಿಲ್ಲ, ಅಷ್ಟೇ.

ಗಳಿಕೆ ಏರಿದಂತೆ ಸುಖವೂ ಏರುತ್ತದಲ್ಲ, ಮೊತ್ತವೇ ಮುಖ್ಯವಲ್ಲವೇ ಎಂದು ಕೇಳಬಹುದು. ಸಂಶೋಧಕರಾದ ಕಿಲ್ಲಿಂಗ್ಸ್‌ವರ್ತ್, ಕಾನೆಮನ್ ಮತ್ತು ಮೆಲ್ಲರ್ಸ್ 2023ರಲ್ಲಿ ಹೆಚ್ಚಿನವರ ಮಟ್ಟಿಗೆ ಅದನ್ನೇ ಕಂಡರು. ಆದರೆ ಅವರು ಅಳೆದದ್ದು ಅಮೆರಿಕದ ಉದ್ಯೋಗಸ್ಥರನ್ನು, ಎಂದರೆ ಬಹುಪಾಲು ಸಂಬಳದ ದಿನ ಗೊತ್ತಿರುವವರನ್ನು. ಇನ್ನೊಂದು ಆಕ್ಷೇಪ ಇದೇ ಜಿಲ್ಲೆಯ ಕಲ್ಯಾಣದಿಂದ ಬರುತ್ತದೆ: ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಶರಣೆ ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳಲ್ಲ? ನಾಳಿನ ಅಕ್ಕಿ ನಾಳಿನ ಕಾಯಕದಿಂದ ಬಂದೇ ಬರುತ್ತದೆಂಬ ಭರವಸೆ ಇದ್ದವಳ ಮಾತದು. ನಾಳೆ ಕೆಲಸ ಸಿಗುತ್ತದೋ ಇಲ್ಲವೋ ತಿಳಿಯದೆ ಹೈದರಾಬಾದಿನ ಬಸ್ಸು ಹತ್ತುವ ಔರಾದಿನ ಕೂಲಿಕಾರನಿಂದ ಅದೇ ನಿರಾಕರಣೆ ಬಯಸುವುದು ಅನ್ಯಾಯ.

2023ರ ಆಗಸ್ಟ್‌ನಲ್ಲಿ ಶುರುವಾದ ಮನೆಯೊಡತಿಗೆ ರಾಜ್ಯ ಸರ್ಕಾರ ಕೊಡುವ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನೂ ಹೀಗೇ ನೋಡಬೇಕು. ಪುಕ್ಕಟೆ ದುಡ್ಡು ಸೋಮಾರಿಗಳನ್ನು ಹುಟ್ಟಿಸುತ್ತದೆ ಎನ್ನುವವರು, ಅಷ್ಟರಲ್ಲಿ ಯಾವ ಮನೆ ಕುಳಿತು ಉಣ್ಣುತ್ತದೆಂದು ಲೆಕ್ಕ ಹಾಕಲಿ. ಅದರ ಬೆಲೆ ಇರುವುದು ತಪ್ಪದೆ ಬರುವುದರಲ್ಲಿ. ಕಂತು ತಡೆದು, ಎರಡು ಮೂರು ಒಟ್ಟಿಗೆ ಖಾತೆಗೆ ಬಿದ್ದರೆ ಮೊತ್ತದಲ್ಲೇನೂ ಕಡಿಮೆಯಾಗದು. ಆದರೆ ಅಷ್ಟರಲ್ಲಿ ಕಿರಾಣಿ ಅಂಗಡಿಯ ಉದ್ರಿ ಬೆಳೆದಿರುತ್ತದೆ, ಸಂಘದ ವಾರದ ಕಂತಿಗೆ ಕೈಗಡ ತಂದಾಗಿರುತ್ತದೆ.