ನಿನ್ನೆಗೆ ಬಸ್ಸಿಲ್ಲ

ನಿಪ್ಪಾಣಿಯ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಅವನು ಬರುವುದು ಸರಾಸರಿ ಹನ್ನೆರಡೂವರೆ ದಾಟಿದ ಮೇಲೆ. ಚಿಕ್ಕೋಡಿ, ರಾಯಬಾಗದ ಕತೆಯೂ ಹೆಚ್ಚುಕಡಿಮೆ ಇದೇ. ನಮ್ಮ ಕೈಗಡಿಯಾರ ತೋರಿಸುವುದು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು. 1906ರ ಜನವರಿ 1ರಿಂದ ಜಾರಿಗೆ ಬಂದ ಏರ್ಪಾಡು ಇದು. ಸೂರ್ಯನನ್ನೇ ಕೇಳಿದರೆ ಅಥಣಿಗೂ ನಿಪ್ಪಾಣಿಗೂ ನಡುವೆಯೇ ಸುಮಾರು ಎರಡೂವರೆ ನಿಮಿಷದ ಅಂತರವಿದೆ.

ಇದಾದರೂ ಮನುಷ್ಯರು ಮಾಡಿಕೊಂಡ ಒಪ್ಪಂದ. ಐನ್‌ಸ್ಟೈನ್ ಹೇಳಿದ್ದು ಒಪ್ಪಂದದ ಮಾತಲ್ಲ. ವೇಗವಾಗಿ ಚಲಿಸುವ ಗಡಿಯಾರ ನಿಜಕ್ಕೂ ನಿಧಾನವಾಗುತ್ತದೆ, ಗುರುತ್ವ ಕಡಿಮೆಯಿರುವಲ್ಲಿ ಬೇಗ ಓಡುತ್ತದೆ. ಹಂಗಾಮಿನಲ್ಲಿ ಕಬ್ಬು ಹೇರಿಕೊಂಡು ಉಗಾರದ ಕಾರ್ಖಾನೆಗೆ ಹೊರಟ ಲಾರಿ ಚಾಲಕನ ಮೊಬೈಲ್ ನಕ್ಷೆ ನಡೆಯುವುದೇ ಈ ಲೆಕ್ಕದ ಮೇಲೆ. ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು. ಲಾರಿ ಒಂದೂರಲ್ಲಿ, ನಕ್ಷೆ ಇನ್ನೊಂದೂರಲ್ಲಿ. 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿದಾಗ ಪೂರ್ವಕ್ಕೆ ಹಾರಿದವು ಸುಮಾರು 59 ನ್ಯಾನೊಸೆಕೆಂಡ್ ಹಿಂದೆ ಬಿದ್ದವು. ಅಂದರೆ ಅವು ಅಷ್ಟರಮಟ್ಟಿಗೆ ನಮ್ಮ ನಾಳೆಗೆ ಬಂದಿಳಿದವು. ಮುಂದಕ್ಕೆ ಹೋಗುವ ಪ್ರಯಾಣ ಇದೆ, ಟಿಕೆಟ್ ದರ ಮಾತ್ರ ಕೈಗೆಟುಕದು.

ಹಿಂದಕ್ಕೆ? 1949ರಲ್ಲಿ ಗೊಡೆಲ್ ಎಂಬ ಗಣಿತಜ್ಞ, ಇಡೀ ವಿಶ್ವವೇ ತಿರುಗುತ್ತಿದ್ದರೆ ಐನ್‌ಸ್ಟೈನ್ ಸಮೀಕರಣಗಳ ಪ್ರಕಾರ ನಿನ್ನೆಗೂ ದಾರಿಯುಂಟು ಎಂದು ತೋರಿಸಿದ. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಕುರುಹು ಸಿಕ್ಕಿಲ್ಲ.

ನಿಪ್ಪಾಣಿ, ಅಥಣಿಯ ಇದೇ ಸೀಮೆಯಲ್ಲಿ ಕಾಲದ ಬಗ್ಗೆ ಕಟ್ಟುನಿಟ್ಟಾಗಿ ಯೋಚಿಸಿದ ಪರಂಪರೆಯೊಂದಿದೆ. ಭೋಜ, ಸದಲಗಾ, ಶೇಡಬಾಳ, ಕಾಗವಾಡದ ಜೈನ ಒಕ್ಕಲು ಮನೆಗಳಲ್ಲಿ ಮಳೆ ಕೈಕೊಟ್ಟರೂ, ಮಗ ಮಾತು ಕೇಳದಿದ್ದರೂ ಹಿರಿಯರು ‘ಪಂಚಮಕಾಲ, ಏನ್ ಮಾಡೂದ್ರಿ’ ಅಂದುಬಿಡುತ್ತಾರೆ. ಕಾಲಚಕ್ರದ ಇಳಿಮುಖದ ಅರ್ಧವಾದ ಅವಸರ್ಪಿಣಿಯ ಈ ಐದನೆಯ ಭಾಗ 21,000 ವರ್ಷದ್ದು. ಮಹಾವೀರ ನಿರ್ವಾಣದಿಂದ ಎಣಿಸಿದರೆ ಇನ್ನೂ ಎರಡೂವರೆ ಸಾವಿರ ಚಿಲ್ಲರೆ ಕಳೆದಿದೆ, ಗೊಣಗಲಿಕ್ಕೆ ಬೇಕಾದಷ್ಟು ಬಾಕಿಯಿದೆ! ಆರನೆಯದೂ ಮುಗಿದ ಮೇಲೆ ಚಕ್ರ ಮೇಲ್ಮುಖವಾಗುತ್ತದೆ, ಅದೇ ಉತ್ಸರ್ಪಿಣಿ. ಚಕ್ರವೆಂದ ಮಾತ್ರಕ್ಕೆ ಹಳೆಯದೇ ಮರಳುತ್ತದೆ ಎಂದಲ್ಲ. ಮುಂದಿನ ಉತ್ಸರ್ಪಿಣಿಗೆ ಬೇರೆಯೇ 24 ತೀರ್ಥಂಕರರು. ಸಿದ್ಧನಾದ ಮಹಾವೀರ ಮತ್ತೆ ಬರುವುದಿಲ್ಲ.

ಮಿರ್ಜಾಪುರದ ಹೊತ್ತಿನ ಆ ಹೊಸ ಗಡಿಯಾರ ಬಂದು ತಿಂಗಳೊಪ್ಪತ್ತಿಗೆ, 1906ರ ಫೆಬ್ರವರಿಯಲ್ಲಿ, ಸದಲಗಾದಲ್ಲಿ ಹುಟ್ಟಿದವರು ವಿದ್ವಾಂಸ ಆ. ನೇ. ಉಪಾಧ್ಯೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು ಕುಂದಕುಂದರ ಪ್ರಾಕೃತ ಗ್ರಂಥ ‘ಪ್ರವಚನಸಾರ’ವನ್ನು ಸಂಪಾದಿಸಿ 1935ರಲ್ಲಿ ಹೊರತಂದರು. ಅದರ ಪ್ರಕಾರ ಒಂದು ಅಣು ತಾನಿದ್ದ ಪ್ರದೇಶದಿಂದ, ಅಂದರೆ ಆಕಾಶದ ಬಿಂದುವಿನಿಂದ, ಪಕ್ಕದ ಪ್ರದೇಶಕ್ಕೆ ಸರಿಯುವಷ್ಟು ಹೊತ್ತು ಒಂದು ‘ಸಮಯ’. ಅದಕ್ಕಿಂತ ಚಿಕ್ಕ ಕಾಲವಿಲ್ಲ. ಕಾಲ ಯಾವುದನ್ನೂ ದೂಡುವುದಿಲ್ಲ. ಟೀಕಾಕಾರರು ಅದನ್ನು ಕುಂಬಾರನ ತಿಗರಿಯ ಅಡಿಗಲ್ಲಿಗೆ ಹೋಲಿಸುತ್ತಾರೆ: ತಿಗರಿಯನ್ನು ತಿರುಗಿಸುವುದು ಕಲ್ಲಲ್ಲ, ಆದರೆ ಕಲ್ಲಿಲ್ಲದೆ ತಿಗರಿ ತಿರುಗದು. ಜೀವ, ಪುದ್ಗಲ (ಜಡವಸ್ತು), ಆಕಾಶಗಳಿಗೆ ಹರಹು ಉಂಟು, ಕಾಲಕ್ಕಿಲ್ಲ. ಆದ್ದರಿಂದಲೇ ಅದು ಅಸ್ತಿಕಾಯಗಳ, ಅಂದರೆ ಹರಹುಳ್ಳ ದ್ರವ್ಯಗಳ, ಸಾಲಿನಲ್ಲಿ ಬರುವುದಿಲ್ಲ. ಹರಹೇ ಇಲ್ಲದ ಮೇಲೆ ಹಿಂದಕ್ಕೆ ನಡೆಯುವುದೆಲ್ಲಿ?

ಐನ್‌ಸ್ಟೈನ್ ಇದನ್ನು ಒಪ್ಪುತ್ತಿರಲಿಲ್ಲ. ಅವನಿಗೆ ಕಾಲವೂ ಉದ್ದ, ಅಗಲ, ಎತ್ತರಗಳ ಜೊತೆಗೆ ಹೆಣೆದುಕೊಂಡ ನಾಲ್ಕನೆಯ ಆಯಾಮ. ಕುಂದಕುಂದ, ಐನ್‌ಸ್ಟೈನ್ ಇಬ್ಬರೂ ಹೇಳಿದ್ದು ಒಂದೇ ಎಂದು ಭಾಷಣ ಬಿಗಿಯುವವರು ಎರಡನ್ನೂ ಓದಿಲ್ಲ. ಉಪಗ್ರಹದ ಗಡಿಯಾರದ ಮಟ್ಟಿಗೆ ಐನ್‌ಸ್ಟೈನನೇ ಸರಿ. ಆದರೆ ‘ಪ್ರವಚನಸಾರ’ದ ಕೇವಲಜ್ಞಾನಿಯನ್ನು ನೋಡಿ: ಮೂರೂ ಕಾಲದ ಸಕಲ ಪರ್ಯಾಯಗಳನ್ನು, ಅಂದರೆ ವಸ್ತುಗಳ ಬದಲಾಗುವ ಸ್ಥಿತಿಗಳನ್ನು, ಬಲ್ಲ. ಬಲ್ಲ, ಅಷ್ಟೇ, ಹೋಗಿ ತಿದ್ದುವುದಿಲ್ಲ. ಹಿಂದೆ ಕಟ್ಟಿಕೊಂಡ ಕರ್ಮದ ನಿರ್ಜರೆಯನ್ನೂ (ಉದುರಿಸುವಿಕೆಯನ್ನೂ) ಇಂದೇ ಕೂತು ಮಾಡಬೇಕು. ಹಿಂದಕ್ಕೆ ಓಡುವ ಯಂತ್ರದ ವಿಷಯದಲ್ಲಿ ನನ್ನ ಮತ ಸದಲಗಾದ ಕಡೆಗೇ.